ಕಡಲಿಲ್ಲದ ನಾಡಿನ ದಾರಿಚುಕ್ಕಿಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಊರುಗಳಿಗೂ ಕಡಲಿಗೂ ಏನು ನಂಟು ಎಂದು ಕೇಳಿದರೆ, ಏನೂ ಇಲ್ಲವೆಂದೇ ಹೇಳಬೇಕು. ಕಡಲು ಇಲ್ಲಿಂದ ನೂರು ಕಿಲೋಮೀಟರಿಗೂ ಆಚೆ, ಸಹ್ಯಾದ್ರಿಯ ಬೆನ್ನ ಹಿಂದೆ ಇದೆ. ಘಟಪ್ರಭೆಯಾದರೂ ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಗೋಕಾಕದ ಬಂಡೆಯಿಂದ 52 ಮೀಟರು ಕೆಳಕ್ಕೆ ಧುಮುಕಿ, ಮೂಡಣ ದಿಕ್ಕಿಗೆ ಹರಿದು ಕೃಷ್ಣೆಯನ್ನು ಕೂಡುತ್ತದೆ. ಇಂಥ ಎರೆನೆಲದ ಜನರ ಮುಂದೆ ಹಡಗಿನವರ ನಕ್ಷತ್ರವಿದ್ಯೆಯ ಮಾತೆತ್ತುವುದು ಒಂದು ಬಗೆಯ ಅಧಿಕಪ್ರಸಂಗವೆಂದು ತೋರಬಹುದು. ಆದರೆ ನಾವಿಕನ ದಾರಿ ನೀರಿನಲ್ಲಿ ಬರೆದದ್ದಲ್ಲ. ಅದು ತಲೆಯ ಮೇಲೆ ಬರೆದದ್ದು. ಕಾರವಾರದ ಕಡಲಿನ ಮೇಲೆ ಹೊಳೆಯುವ ಚುಕ್ಕಿಗಳೇ ಹುಕ್ಕೇರಿಯ ಗುಮ್ಮಟಗಳ ಮೇಲೆಯೂ ಹೊಳೆಯುತ್ತವೆ. ಅವುಗಳನ್ನು ಗುರುತಿಸಿ ಕರೆಯಲು ಹಡಗಿನವನಿಗೆ ಬೇಕಾದ ಹೆಸರುಗಳೂ ಈ ಸೀಮೆಯ ಒಕ್ಕಲಿಗನ ನಾಲಗೆಯ ಮೇಲೆ ಶತಮಾನಗಳಿಂದ ಇವೆ. ಹೆಸರಿದ್ದೂ ಮುಖದ ಪರಿಚಯ ತಪ್ಪಿಹೋದದ್ದು ಹೇಗೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಮೊದಲು ಆ ವಿದ್ಯೆಯ ತಿರುಳನ್ನು ನೋಡೋಣ. ಭೂಮಿಯ ಉತ್ತರಾರ್ಧದಲ್ಲಿ ನಿಂತವನಿಗೆ ಧ್ರುವನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಮೇಲೆ ಕಾಣುತ್ತದೆಯೋ, ಸರಿಸುಮಾರು ಅಷ್ಟೇ ಡಿಗ್ರಿ ಅವನು ನಿಂತ ಊರಿನ ಅಕ್ಷಾಂಶ. ಗೋಕಾಕವು ಸುಮಾರು 16 ಡಿಗ್ರಿ 10 ಮಿನಿಟಿನ ಮೇಲೆ ಇದೆ. ಹುಕ್ಕೇರಿ 16 ಡಿಗ್ರಿ 14 ಮಿನಿಟು. ಮೂಡಲಗಿ 16 ಡಿಗ್ರಿ 20 ಮಿನಿಟು. ಕೋನದ ಒಂದು ಮಿನಿಟೆಂದರೆ ನೆಲದ ಮೇಲೆ ಒಂದು ನಾವಿಕ ಮೈಲಿ, ಅಂದರೆ 1852 ಮೀಟರು. ಆದುದರಿಂದ ಗೋಕಾಕದಿಂದ ಮೂಡಲಗಿಗೆ ಹೋದವನ ಪಾಲಿಗೆ ಧ್ರುವವು ಹತ್ತು ಮಿನಿಟಿನಷ್ಟು ಮೇಲೇರುತ್ತದೆ. ಕಣ್ಣಿಗೆ ಈ ಏರಿಕೆ ತಿಳಿಯದು. ನಾವಿಕನ ಸೆಕ್ಸ್‌ಟೆಂಟ್ ಎಂಬ ಉಪಕರಣಕ್ಕೆ ತಿಳಿಯುತ್ತದೆ. ಇನ್ನು ಪೂರ್ವ-ಪಶ್ಚಿಮದ ಲೆಕ್ಕ ಗಡಿಯಾರದ್ದು. ಒಂದೇ ನಕ್ಷತ್ರವು ಮೂಡಲಗಿಯಲ್ಲಿ ನೆತ್ತಿಯ ಗೆರೆ ದಾಟಿ ಅರ್ಧ ನಿಮಿಷವಾದ ಮೇಲೆ ಗೋಕಾಕದಲ್ಲಿ ದಾಟುತ್ತದೆ. ಮತ್ತೆ ಒಂದು ನಿಮಿಷದ ಹೊತ್ತಿಗೆ ಹುಕ್ಕೇರಿಯಲ್ಲಿ. ಎತ್ತರವನ್ನೂ ವೇಳೆಯನ್ನೂ ಕೂಡಿಸಿದರೆ ಮೂರು ಊರುಗಳನ್ನು ಆಕಾಶದಿಂದಲೇ ಬೇರೆ ಬೇರೆಯಾಗಿ ಗುರುತಿಸಬಹುದು.

ಆದರೆ ಎತ್ತರ ಅಳೆಯುವ ಮೊದಲು ಅಳೆಯುತ್ತಿರುವುದು ಯಾವ ಚುಕ್ಕಿ ಎಂಬುದು ಗೊತ್ತಿರಬೇಕಷ್ಟೆ. ಎಲ್ಲ ತೊಡಕೂ ಇರುವುದು ಇಲ್ಲಿಯೇ. ಸಂಜೆಯ ಬೆಳಕು ಪೂರ್ತಿ ಆರುವ ಮುನ್ನ, ದಿಗಂತದ ಗೆರೆ ಕಾಣುತ್ತಿರುವ ಸ್ವಲ್ಪ ಹೊತ್ತಿನಲ್ಲಿಯೇ ನಾವಿಕನು ನಾಲ್ಕಾರು ನಕ್ಷತ್ರಗಳನ್ನು ಹಿಡಿಯಬೇಕು. ಆಗ ಆಕಾಶದಲ್ಲಿ ಮೂಡಿರುವುದು ಕೆಲವೇ ಚುಕ್ಕಿಗಳು. ಅಕ್ಕಪಕ್ಕದ ಬಳಗ ಇನ್ನೂ ಬಂದಿರುವುದಿಲ್ಲ. ಜಾತ್ರೆಯಲ್ಲಿ ಮನೆಯವರೊಡನೆ ನಿಂತವನನ್ನು ಗುರುತಿಸುವುದು ಸುಲಭ, ಒಂಟಿಯಾಗಿ ಎದುರಾದರೆ ಯಾರೆಂದು ತಡವರಿಸುತ್ತೇವೆ. ನಕ್ಷತ್ರಗಳ ವಿಷಯದಲ್ಲಿಯೂ ಹಾಗೆಯೇ. ಇದರ ಮೇಲೆ ಗ್ರಹಗಳ ಕಾಟ ಬೇರೆ. ನಾವಿಕರು ಬಳಸುವ ಗ್ರಹಗಳು ನಾಲ್ಕು: ಶುಕ್ರ, ಮಂಗಳ, ಗುರು, ಶನಿ. ಗ್ರಹ ಮಿನುಗುವುದಿಲ್ಲ, ನಕ್ಷತ್ರ ಮಿನುಗುತ್ತದೆ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ದಿಗಂತದ ಸಮೀಪದ ದಟ್ಟ ಗಾಳಿಯಲ್ಲಿ ಗ್ರಹವೂ ಮಿನುಗಿ ಮೋಸಮಾಡುತ್ತದೆ. ಗ್ರಹಗಳು ಸೂರ್ಯನ ದಾರಿಯನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲವೆಂಬುದು ಒಂದು ಅನುಕೂಲ. ಆದರೆ ಅದೇ ದಾರಿಯ ಅಂಚಿನಲ್ಲಿ ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ ಎಂಬ ನಾಲ್ಕು ದೊಡ್ಡ ನಕ್ಷತ್ರಗಳು ಕುಳಿತಿವೆ. ಕೆಂಪು ಮಂಗಳನು ಕೆಂಪು ಜ್ಯೇಷ್ಠೆಯ ಪಕ್ಕದಲ್ಲಿ ಹಾಯುವಾಗ ಒಂದನ್ನು ಕಂಡು ಇನ್ನೊಂದೆಂದು ಭ್ರಮಿಸಿದರೆ ಮುಗಿಯಿತು. ತೀರ ದೊಡ್ಡ ತಪ್ಪಾದರೆ ಹಡಗು ಮರುಭೂಮಿಯ ನಡುವೆ ಇದೆಯೆಂದು ಲೆಕ್ಕ ಹೇಳುತ್ತದೆ, ನಾವಿಕ ನಕ್ಕು ಮತ್ತೆ ಅಳೆಯುತ್ತಾನೆ. ಎರಡು ಡಿಗ್ರಿಯ ತಪ್ಪು ಹಾಗಲ್ಲ. ಅದು ನಂಬುವಂತಿರುತ್ತದೆ, ಮತ್ತು ನೂರಿಪ್ಪತ್ತು ಮೈಲಿಯಷ್ಟು ದಾರಿ ತಪ್ಪಿಸುವ ಶಕ್ತಿ ಅದಕ್ಕೆ ಇದೆ.

ಇಂದಿಗೂ ಪ್ರಪಂಚದ ನಾವಿಕರ ಪಂಚಾಂಗಗಳಲ್ಲಿ ಧ್ರುವವನ್ನು ಬಿಟ್ಟು 57 ನಕ್ಷತ್ರಗಳ ಒಂದು ಪಟ್ಟಿ ಇರುತ್ತದೆ. ಹೆಸರುಗಳಲ್ಲಿ ಹೆಚ್ಚಿನವು ಅರಬ್ಬಿಯವು. ಅಲ್ಡೆಬರಾನ್, ಬೀಟಲ್‌ಜೂಸ್, ರೆಗ್ಯುಲಸ್, ಡೆನೆಬೊಲಾ, ಸ್ಪೈಕಾ, ಆರ್ಕ್‌ಟುರಸ್, ಆಂಟಾರೆಸ್, ಆಲ್ಟೇರ್ ಎಂದು ಓದುತ್ತ ಹೋದರೆ ಹೊರನಾಡಿನವರ ಸಭೆಯೊಂದಕ್ಕೆ ಬಂದಂತಾಗುತ್ತದೆ. ಅವೇ ಎಂಟನ್ನು ಕನ್ನಡದಲ್ಲಿ ಕರೆಯಿರಿ: ರೋಹಿಣಿ, ಆರಿದ್ರಾ, ಮಘಾ, ಉತ್ತರಾ, ಚಿತ್ತಾ, ಸ್ವಾತಿ, ಜ್ಯೇಷ್ಠಾ, ಶ್ರವಣ. ಇವರಲ್ಲಿ ಮೊದಲಿನ ಆರು ಮಂದಿ ಗೋಕಾಕ ಸೀಮೆಯ ಯಾವ ರೈತನ ಮನೆಗಾದರೂ ವರ್ಷಕ್ಕೊಮ್ಮೆ ತಪ್ಪದೆ ಬರುವ ಬೀಗರು. ರೋಹಿಣಿಯಲ್ಲಿ ಹೊಲ ಹಸನಾಗಬೇಕು, ಮಿರಗ ಕೂಡಿತೆಂದರೆ ಬಿತ್ತನೆಗೆ ಕೈಹಚ್ಚಬೇಕು, ಉತ್ತರಿ ಮಳೆ ಕೈಕೊಟ್ಟರೆ ಹಿಂಗಾರಿಯ ಚಿಂತೆ, ಚಿತ್ತಿ ಮಳೆಗೆ ಹುಚ್ಚು, ಸ್ವಾತಿಯ ಹನಿಗೆ ಮುತ್ತಿನ ಬೆಲೆ. ಹೀಗೆ ಲೋಕದ ಹಡಗುಗಳೆಲ್ಲ ನೆಚ್ಚಿದ ಚುಕ್ಕಿಗಳು ಇಲ್ಲಿ ಕೂರಿಗೆಯ ಮಾತಿನಲ್ಲಿ ಬೆರೆತುಹೋಗಿವೆ.

ಇದರಲ್ಲೊಂದು ವಿಪರ್ಯಾಸವುಂಟು. ಮಳೆಯ ನಕ್ಷತ್ರವೆಂದರೆ ಸೂರ್ಯನು ಆ ಹದಿಮೂರು-ಹದಿನಾಲ್ಕು ದಿನ ಯಾವ ನಕ್ಷತ್ರದಲ್ಲಿ ಇದ್ದಾನೋ ಅದು. ಸೂರ್ಯನ ಜೊತೆಯಲ್ಲಿ ಇರುವುದು ಸೂರ್ಯನೊಡನೆಯೇ ಹುಟ್ಟಿ ಸೂರ್ಯನೊಡನೆಯೇ ಮುಳುಗುತ್ತದೆ. ಕಣ್ಣಿಗೆ ಬೀಳುವುದೇ ಇಲ್ಲ. ಜೂನ್ ಏಳೆಂಟರ ಸುಮಾರಿಗೆ ಮಿರಗ ಕೂಡುವಾಗ ಮೃಗಶಿರವನ್ನು ಆಕಾಶದಲ್ಲಿ ಹುಡುಕಿದರೆ ಸಿಕ್ಕದು; ಕಾಣಬೇಕೆಂದರೆ ಚಳಿಗಾಲಕ್ಕೆ ಕಾಯಬೇಕು. ಮೋಡದ ಮಾತು ಹಾಗಿರಲಿ, ಮೋಡವಿಲ್ಲದಿದ್ದರೂ ಅಷ್ಟೆ. ರೈತನು ಕರೆಯುವ ಹೊತ್ತಿನಲ್ಲಿ ನಕ್ಷತ್ರ ಮನೆಯಲ್ಲಿ ಇರುವುದಿಲ್ಲ. ಹೆಸರು ಪಂಚಾಂಗದಿಂದ ಬಂದು ಬಾಯಿಯಲ್ಲಿ ಉಳಿಯಿತು. ಮುಖ ನೋಡುವ ಅಗತ್ಯ ಬೀಳಲಿಲ್ಲ. ಹೆಸರೂ ಮುಖವೂ ಬೇರೆಯಾಗಲು ತೊಡಗಿದ್ದು ಇಲ್ಲಿಯೇ ಎಂದು ನನ್ನ ಊಹೆ.

ಪಂಚಾಂಗವನ್ನು ಹಗುರಾಗಿ ಕಾಣಲು ಈ ಮಾತು ಹೇಳಿದ್ದಲ್ಲ. ಅದರ ಗಣಿತದ ಬಲಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಾಗಿಲ್ಲ. ಗೋಕಾಕ-ಮೂಡಲಗಿಯ ಸೀಮೆಯ ಕಲ್ಲೋಳಿಗೆ ಹೋದರೆ ಸಾಕು. ಅಲ್ಲಿಯ ಜೈನ ಬಸದಿಗೆ ಸಂಬಂಧಿಸಿದ, ರಟ್ಟರ ಅರಸು ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನವೊಂದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಎಂಬ ವಿದ್ವಾಂಸರು ಓದಿ ಪ್ರಕಟಿಸಿದರು. ದಾನದ ಕಾಲವನ್ನು ಶಾಸನ ಹೇಳುವುದು ಹೀಗೆ: ಶಕವರ್ಷ 1127, ರಕ್ತಾಕ್ಷಿ ಸಂವತ್ಸರ, ಪುಷ್ಯ ಶುದ್ಧ ಬಿದಿಗೆ, ಶನಿವಾರ, ಉತ್ತರಾಯಣ ಸಂಕ್ರಮಣ. ಇಷ್ಟು ಗುರುತುಗಳು ಒಂದೇ ದಿನದ ಮೇಲೆ ಬಂದು ಕೂಡಬೇಕು. ಲೆಕ್ಕ ಹಾಕಿದರೆ ಆ ದಿನ ಕ್ರಿಸ್ತಶಕ 1204ರ ಡಿಸೆಂಬರ್ 25. ಅಂದು ಶನಿವಾರವೇ ಹೌದು. ಅಮಾವಾಸ್ಯೆ ಕಳೆದು ಬಿದಿಗೆಯೇ ಹೌದು. ರಕ್ತಾಕ್ಷಿಯ ಪರೀಕ್ಷೆ ಇನ್ನೂ ಸುಲಭ: 1984ರಲ್ಲಿ ಆರಂಭವಾದ ಸಂವತ್ಸರವೂ ರಕ್ತಾಕ್ಷಿಯೇ, ಅಲ್ಲಿಂದ ಅರವತ್ತರ ಹದಿಮೂರು ಸುತ್ತು ಹಿಂದಕ್ಕೆ ಎಣಿಸಿದರೆ ಸರಿಯಾಗಿ 1204 ಬರುತ್ತದೆ. ಎಂಟುನೂರು ವರ್ಷಗಳ ಹಿಂದೆ ಹಳ್ಳಿಯೊಂದರ ಕಲ್ಲಿನ ಮೇಲೆ ಕೊರೆದ ಆಕಾಶ ಇಂದು ಒರೆಗೆ ಹಚ್ಚಿದರೂ ನಿಲ್ಲುತ್ತದೆ.

ಆದರೂ ನಾವಿಕನ ಕಣ್ಣಿನಿಂದ ನೋಡಿದರೆ ಒಂದು ಕೊರತೆ ಕಾಣುತ್ತದೆ. ಕಾರ್ತವೀರ್ಯನು ಉತ್ತರಾಯಣವೆಂದು ದಾನ ಕೊಟ್ಟ ದಿನಕ್ಕೆ ಸುಮಾರು ಹತ್ತು ದಿನ ಮೊದಲೇ ಸೂರ್ಯನು ನಿಜವಾಗಿ ಉತ್ತರಕ್ಕೆ ಹೊರಳಿದ್ದ. ಭೂಮಿಯ ಅಕ್ಷವು ಬುಗುರಿಯ ಮೊಳೆಯಂತೆ ನಿಧಾನವಾಗಿ ತೊನೆಯುವುದರಿಂದ ಉಂಟಾದ ಅಂತರ ಅದು. ಈಗ ಅದು ಇಪ್ಪತ್ತನಾಲ್ಕು ದಿನಗಳಷ್ಟಾಗಿದೆ. ದಾನಕ್ಕೆ, ವ್ರತಕ್ಕೆ ಇದರಿಂದ ಬಾಧೆಯಿಲ್ಲ. ಒಂದು ಮಿನಿಟಿನ ಕೋನಕ್ಕೆ ಒಂದು ಮೈಲಿ ತೆರಬೇಕಾದವನಿಗೆ ಬಾಧೆಯುಂಟು. ಅದೇ ತೊನೆತದಿಂದ ಧ್ರುವನೂ ಧ್ರುವನಾಗಿ ಉಳಿದಿಲ್ಲ. ಇಂದು ನಾವು ಧ್ರುವವೆನ್ನುವ ನಕ್ಷತ್ರ ಕಲ್ಲೋಳಿಯ ಶಾಸನದ ಕಾಲದಲ್ಲಿ ಉತ್ತರದ ಅಚಲ ಬಿಂದುವಿನಿಂದ ಐದು ಡಿಗ್ರಿಯಷ್ಟು ದೂರದಲ್ಲಿ ಸುತ್ತುತ್ತಿತ್ತು. ಈಗ ಎರಡು ಮೂರಾಂಶ ಡಿಗ್ರಿಗಿಂತಲೂ ಸಮೀಪಕ್ಕೆ ಬಂದಿದೆ. ಆ ಸಣ್ಣ ಸುತ್ತು ಕೂಡ ಗೋಕಾಕಕ್ಕೂ ಮೂಡಲಗಿಗೂ ಇರುವ ಹತ್ತು ಮಿನಿಟಿನ ಅಂತರವನ್ನು ನುಂಗಿಬಿಡುವಷ್ಟು ದೊಡ್ಡದು. ಆದುದರಿಂದಲೇ ನಾವಿಕನಿಗೆ ಕಣ್ಣು ಸಾಲದು, ವರ್ಷವರ್ಷವೂ ತಿದ್ದಿದ ಕೋಷ್ಟಕ ಬೇಕು. ನಮ್ಮ ದೇಶದಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಒಪ್ಪಿಸಿದ ಮೇಲೆ, 1958ರಿಂದ ಇಂಥ ಕೋಷ್ಟಕಗಳ ಗ್ರಂಥ ಪ್ರತಿವರ್ಷ ಹೊರಬರತೊಡಗಿತು.

ಕೋಷ್ಟಕಕ್ಕೂ ಸೆಕ್ಸ್‌ಟೆಂಟಿಗೂ ಮೊದಲು ನಮ್ಮ ಪಡುಗಡಲಿನಲ್ಲಿ ಏನಿತ್ತು? ಅಂಗೈಯಗಲದ ಒಂದು ಮರದ ಹಲಗೆ, ಅದರ ನಡುವಿನಿಂದ ಹೊರಟ ಗಂಟುಗಂಟಿನ ದಾರ. ಅರಬ್ಬರು ಇದನ್ನು ಕಮಾಲ್ ಎನ್ನುತ್ತಿದ್ದರು. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚು ದಿಗಂತಕ್ಕೂ ಮೇಲಂಚು ಧ್ರುವಕ್ಕೂ ತಾಗುವಂತೆ ಹಿಡಿದರೆ, ಯಾವ ಗಂಟು ಹಲ್ಲಿಗೆ ಬಂತೆಂಬುದರ ಮೇಲೆ ಯಾವ ಬಂದರಿನ ನೇರಕ್ಕೆ ಬಂದಿದ್ದೇವೆಂಬುದು ತಿಳಿಯುತ್ತಿತ್ತು. ಎತ್ತರವನ್ನು ಅವರು ಬೆರಳಿನಲ್ಲಿ ಎಣಿಸುತ್ತಿದ್ದರು. ಒಂದು ಬೆರಳೆಂದರೆ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು. ಹೊರ್ಮುಜಿನ ಕುದುರೆಗಳು ಗೋವೆ, ಹೊನ್ನಾವರ, ಭಟ್ಕಳಗಳಿಗೆ ಬಂದಿಳಿದದ್ದು ಇಂಥ ಬೆರಳೆಣಿಕೆಯ ಮೇಲೆ. ಆ ಕುದುರೆಗಳ ಮೇಲೆ ವಿಜಯನಗರದ, ಬಹಮನಿಯ, ಬಿಜಾಪುರದ ಸಿಂಹಾಸನಗಳು ನಿಂತಿದ್ದವು ಎಂಬುದನ್ನು ನೆನೆದರೆ, ನಮ್ಮ ಒಳನಾಡಿನ ಚರಿತ್ರೆಯೂ ಧ್ರುವನಿಗೆ ಋಣಿಯೆನ್ನಬೇಕು. 1498ರಲ್ಲಿ ವಾಸ್ಕೋ ಡ ಗಾಮನು ಆಫ್ರಿಕದ ಮಲಿಂದಿಯಿಂದ ಹೊರಟು ಇಪ್ಪತ್ಮೂರು ದಿನಗಳಲ್ಲಿ ಮಲಬಾರನ್ನು ಕಂಡದ್ದೂ ಮಲಿಂದಿಯಲ್ಲಿ ದೊರೆತ ದಾರಿಗಾರನೊಬ್ಬನ ಅರಿವಿನಿಂದಲೇ. ಅದೇ ವರ್ಷ ಮರಳುವಾಗ ಅವನು ಕಾರವಾರದ ಎದುರಿನ ಅಂಜದೀವಿನಲ್ಲಿ ತಂಗಿ ಹಡಗು ದುರಸ್ತಿ ಮಾಡಿಕೊಂಡ.

ಇನ್ನು ನೆಲದ ಮೇಲೆ ನಡೆದ ಒಂದು ಘಟನೆ. ನಕ್ಷತ್ರದ ಗುರುತು ಇದ್ದವನಿಗೂ ಇಲ್ಲದವನಿಗೂ ಇರುವ ಅಂತರವನ್ನು ಇದರಷ್ಟು ನೇರವಾಗಿ ತೋರಿಸುವ ಪ್ರಸಂಗ ಕನ್ನಡನಾಡಿನ ಚರಿತ್ರೆಯಲ್ಲಿ ನನಗೆ ಬೇರೆ ಕಂಡಿಲ್ಲ. 1799ರ ಏಪ್ರಿಲ್ ತಿಂಗಳ ಮೊದಲ ವಾರ. ಟಿಪ್ಪುಸುಲ್ತಾನನ ಮೇಲೆ ಏರಿಬಂದ ಇಂಗ್ಲಿಷ್ ಸೈನ್ಯ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಿತ್ತು. ಜನರಲ್ ಬೇರ್ಡ್ ಒಂದು ತುಕಡಿಯೊಡನೆ ರಾತ್ರಿಯ ದಾಳಿಗೆ ಹೊರಟ. ಅಮಾವಾಸ್ಯೆಯ ಆಸುಪಾಸಿನ ಕಗ್ಗತ್ತಲೆ. ಅವನ ಜೊತೆಯ ಅಧಿಕಾರಿಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ, ಹೆಚ್ಚು ಮಾತಿಲ್ಲದ, ಗಣಿತದ ಹುಚ್ಚಿನ ಒಬ್ಬ ನಡುವಯಸ್ಸಿನವನಿದ್ದ. ನಡೆಯುತ್ತ ನಡೆಯುತ್ತ ಅವನು ತಲೆಯೆತ್ತಿ ನೋಡಿದ. ತುಕಡಿಯು ಉತ್ತರಕ್ಕೆ ಹೋಗುತ್ತಿರಬೇಕಾದದ್ದು ದಕ್ಷಿಣಕ್ಕೆ, ನೆಟ್ಟಗೆ ಟಿಪ್ಪುವಿನ ಪಾಳೆಯದ ಕಡೆಗೆ ಸಾಗುತ್ತಿತ್ತು. ಸೇನಾಪತಿಗೆ ಹೇಳಿದ. ದಾರಿ ತಿಳಿಯಲು ತನಗೆ ನಕ್ಷತ್ರಗಳು ಬೇಕಾಗಿಲ್ಲವೆಂಬ ಅರ್ಥದ ಉತ್ತರ ಬಂತು. ಕೊನೆಗೆ ದಿಕ್ಸೂಚಿಯನ್ನು ತೆಗೆದು ನೋಡಿದಾಗ ನಕ್ಷತ್ರಗಳ ಮಾತೇ ನಿಜವಾಯಿತು, ತುಕಡಿ ಹಿಂದಿರುಗಿತು.

ಆ ರಾತ್ರಿಯ ಆಕಾಶವನ್ನು ನಾವು ಇಂದು ಮತ್ತೆ ಕಟ್ಟಬಹುದು. ಏಪ್ರಿಲ್ ಮೊದಲ ವಾರದ ನಡುರಾತ್ರಿಯಲ್ಲಿ, ಶ್ರೀರಂಗಪಟ್ಟಣದ ಅಕ್ಷಾಂಶದಲ್ಲಿ, ಸಪ್ತರ್ಷಿಮಂಡಲ ಉತ್ತರದಲ್ಲಿ ಎತ್ತರಕ್ಕೆ ಏರಿರುತ್ತದೆ. ದಕ್ಷಿಣದಲ್ಲಿ ದಿಗಂತದಿಂದ ತುಸು ಮೇಲೆ ನಾಲ್ಕು ಚುಕ್ಕಿಗಳ ತ್ರಿಶಂಕು ಶಿಲುಬೆಯಂತೆ ನೆಟ್ಟಗೆ ನಿಲ್ಲುತ್ತದೆ. ದಕ್ಷಿಣಕ್ಕೆ ನಡೆಯುವವನ ಕಣ್ಣೆದುರಿಗೇ ಅದು. ಆ ತುಕಡಿಯ ಪ್ರತಿಯೊಬ್ಬ ಸಿಪಾಯಿಯೂ ಆ ಚುಕ್ಕಿಗಳನ್ನು ಕಂಡಿರಬೇಕು. ಕಂಡದ್ದನ್ನು ಗುರುತಿಸಿದವನು ಒಬ್ಬ. ಆ ಗುರುತು ಆ ಯುದ್ಧದಲ್ಲಿ ಯಾರ ಕೈಗೆ ಬಲ ತಂದಿತೆಂಬುದು ಕನ್ನಡಿಗನಿಗೆ ಸಂತೋಷದ ವಿಷಯವಲ್ಲ. ಒಂದು ತಿಂಗಳು ಕಳೆದು, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಆದರೆ ಚುಕ್ಕಿಗಳು ಪಕ್ಷ ಹಿಡಿಯುವುದಿಲ್ಲ. ಹೆಸರು ಬಲ್ಲವನಿಗೆ ಒಲಿಯುತ್ತವೆ.

ಇದೇ ಲ್ಯಾಂಬ್ಟನ್ ಮರುವರ್ಷ ಬೆಂಗಳೂರಿನ ಹತ್ತಿರ ಆಧಾರರೇಖೆಯೊಂದನ್ನು ಅಳೆದ. 1802ರಲ್ಲಿ ಮದರಾಸಿನಿಂದ ಇಡೀ ದೇಶದ ತ್ರಿಕೋನಮಿತಿಯ ಮೋಜಣಿಯನ್ನು ಆರಂಭಿಸಿದ. ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಬೆಟ್ಟಬೆಟ್ಟಕ್ಕೆ ಹೊರಿಸಿ, ಕೋನ ಅಳೆದು, ಧ್ರುವನಕ್ಷತ್ರದಿಂದ ದಿಕ್ಕನ್ನು ತಾಳೆನೋಡಿದ. ಬೆಂಗಳೂರಿನ ಪಕ್ಕದ ದೊಡ್ಡಗುಂಟೆಯಲ್ಲಿ ನೆತ್ತಿಯ ಸಮೀಪ ಹಾಯುವ ನಕ್ಷತ್ರಗಳನ್ನು ರಾತ್ರಿ ರಾತ್ರಿ ಹಿಡಿದು ಅಕ್ಷಾಂಶ ನಿರ್ಣಯಿಸಿದ. ನೆಲ ಅಳೆಯುವ ಕೆಲಸಕ್ಕೂ ನಾವಿಕನ ವಿದ್ಯೆಯೇ ಬೇಕಾಯಿತು. ಇಂದಿನ ನಕಾಶೆಯ ಮೇಲೆ ಹುಕ್ಕೇರಿಯದೊಂದು ಚುಕ್ಕಿ ಸರಿಯಾದ ಜಾಗದಲ್ಲಿ ಇದೆಯೆಂದರೆ, ಅದರ ಹಿಂದೆ ಆಕಾಶದ ಚುಕ್ಕಿಯೊಂದರ ಸಾಕ್ಷ್ಯವಿದೆ.

ಜನರಲ್ ಬೇರ್ಡನಿಗೆ ಕಾಣದ್ದು ನಮ್ಮ ಸೀಮೆಯ ಕುರಿಗಾರನಿಗೆ ಕಾಣುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ರಾತ್ರಿಯಲ್ಲಿ ಕೆಲಸವಿದ್ದವರಿಗೆಲ್ಲ ಚುಕ್ಕಿಯ ಮುಖಪರಿಚಯ ಇದ್ದೇ ಇತ್ತು: ಹಟ್ಟಿ ಕಾಯುವವನಿಗೆ, ಬಂಡಿ ಹೂಡಿ ಸಂತೆಗೆ ಹೊರಟವನಿಗೆ, ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿಗೆ. ಬೆಳ್ಳಿ ಮೂಡಿತೆಂದರೆ ಬೆಳಗಾಗುವ ಸೂಚನೆ. ಈ ಗಡಿಯಾರವೂ ಒಮ್ಮೊಮ್ಮೆ ಕೈಕೊಡುವಂಥದೇ. ಶುಕ್ರನು ಎಂಟೂವರೆ ತಿಂಗಳು ಮುಂಜಾನೆಯ ಚುಕ್ಕಿಯಾಗಿದ್ದು, ಕೆಲಕಾಲ ಮರೆಯಾಗಿ, ಆಮೇಲೆ ಅಷ್ಟೇ ದಿನ ಸಂಜೆಯ ಚುಕ್ಕಿಯಾಗುತ್ತಾನೆ. ಅಂಥ ದಿನಗಳಲ್ಲಿ ನಡುರಾತ್ರಿಯ ನಂತರ ಮೂಡುವ ಗುರುವನ್ನು ಬೆಳ್ಳಿಯೆಂದು ತಿಳಿದರೆ ಎರಡು ಜಾವ ಮೊದಲೇ ಬಂಡಿ ಹೂಡಬೇಕಾಗುವುದು. ಬಲ್ಲವರು ಮೋಸಹೋಗರು: ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಸರಿಯಲಾರ, ಆದುದರಿಂದ ಮಧ್ಯರಾತ್ರಿಯ ಬೆಳ್ಳಿ ಬೆಳ್ಳಿಯಲ್ಲ.

ಈ ಪರಿಚಯವನ್ನು ಕಳೆದದ್ದು ಯಾವುದೋ ದೊಡ್ಡ ಕ್ರಾಂತಿಯಲ್ಲ. 1880ರ ದಶಕದಲ್ಲಿ ಗೋಕಾಕದ ಧಬಧಬೆಯ ನೀರಿನ ಬಲದಿಂದ ಗಿರಣಿ ತಿರುಗತೊಡಗಿತು. ಗಿರಣಿಯ ದುಡಿತಕ್ಕೆ ಪಾಳಿ ಬಂತು, ಪಾಳಿಗೆ ಭೋಂಗಾ ಬಂತು. ಭೋಂಗಾ ಕೂಗಿದರೆ ಬೆಳ್ಳಿಯ ದಾರಿ ನೋಡುವವರಾರು? ಆಮೇಲೆ ಬೀದಿದೀಪ, ಕೈಗಡಿಯಾರ, ಈಗ ಅಂಗೈಯಲ್ಲಿಯೇ ದಾರಿ ಹೇಳುವ ಫೋನು. ಮದುವೆಯಲ್ಲಿ ವಧೂವರರಿಗೆ ಧ್ರುವನನ್ನೂ ಅರುಂಧತಿಯನ್ನೂ ತೋರಿಸುವ ಸಂಪ್ರದಾಯವೊಂದು ಉಳಿದಿದೆ. ಮುಹೂರ್ತ ಹಗಲಿನದಾದರೆ ಪುರೋಹಿತರು ಚಪ್ಪರದ ತೆಂಗಿನ ಗರಿಯ ಕಡೆಗೆ ಬೆರಳು ಮಾಡುತ್ತಾರೆ, ದಂಪತಿಗಳು ಕಂಡೆವೆಂದು ತಲೆದೂಗುತ್ತಾರೆ. ಫೋನಿನ ಕಾಲದಲ್ಲಿ ನಾವಿಕರೂ ಹೀಗೆಯೇ ತಲೆದೂಗುವ ಹಂತಕ್ಕೆ ಬಂದಿದ್ದರು. ಅಮೆರಿಕದ ನೌಕಾ ವಿದ್ಯಾಲಯ ನಕ್ಷತ್ರಗಳಿಂದ ದಾರಿ ಕಾಣುವ ಪಾಠವನ್ನು ತೊಂಬತ್ತರ ದಶಕದ ಕೊನೆಗೆ ಕೈಬಿಟ್ಟು, 2015ರಲ್ಲಿ ಮತ್ತೆ ಆರಂಭಿಸಿತು. ಉಪಗ್ರಹದ ಸಂಕೇತವನ್ನು ಶತ್ರು ಕೆಡಿಸಬಲ್ಲನು, ಸ್ವಾತಿ ನಕ್ಷತ್ರವನ್ನು ಕೆಡಿಸಲಾರನು.

ಗುರುತು ಹಿಡಿಯುವ ದಾರಿ ಕಷ್ಟದ್ದಲ್ಲ. ಸಪ್ತರ್ಷಿಮಂಡಲದ ತಲೆಯ ಎರಡು ಚುಕ್ಕಿಗಳನ್ನು ಕೂಡಿಸಿದ ಗೆರೆಯನ್ನು ಐದರಷ್ಟು ಬೆಳೆಸಿದರೆ ಧ್ರುವ. ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದಕ್ಕೆ ಬೆಳ್ಳಗಿನ ಚಿತ್ತಾ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ; ಗೋಕಾಕದಲ್ಲಿ ಧ್ರುವವು ದಿಗಂತದಿಂದ ಒಂದೂವರೆ ಮುಷ್ಟಿಯ ಮೇಲಿದೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ತಿರುಗಿದರೆ ಎರಡು ಮುಷ್ಟಿಯ ಎತ್ತರದಲ್ಲಿ ಅಗಸ್ತ್ಯ. ಇಂಗ್ಲೆಂಡಿನಲ್ಲಿ ಕುಳಿತು ಈ ವಿದ್ಯೆ ಕಲಿತವನಿಗೆ ಆ ನಕ್ಷತ್ರ ಕಾಣುವುದೇ ಇಲ್ಲ. ಮೃಗಶಿರದ ಕೆಳಗೆ ಸಾಲಾಗಿ ನಿಂತ ಮೂರು ಚುಕ್ಕಿಗಳಂತೂ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತವೆ, ಲೋಕದ ಯಾವ ಊರಿನಲ್ಲಿ ನೋಡಿದರೂ ಅಷ್ಟೆ.

ಏಪ್ರಿಲ್ ನಡುವಿನಲ್ಲಿ ರಾತ್ರಿ ಹತ್ತೂವರೆಯ ಸುಮಾರಿಗೆ ಆ ಮೂರು ಚುಕ್ಕಿಗಳು ಮುಳುಗುವ ಹೊತ್ತು. ಗೋಕಾಕದ ದೀಪಗಳಿಂದ ತುಸು ಹೊರಗೆ ಬಂದು ಅವುಗಳ ಕಡೆಗೆ ಮುಖ ಮಾಡಿ ನಿಂತರೆ ಧ್ರುವವು ಬಲಗೈಗೆ, ತ್ರಿಶಂಕು ಎಡಗೈಗೆ. ಬೆನ್ನ ಹಿಂದೆ ಬಲಕ್ಕೆ ಮೂಡಲಗಿಯ ದಾರಿ. ಮುಳುಗುವ ಚುಕ್ಕಿಗಳಿಂದ ಬಲಕ್ಕೆ ಒಂದೂವರೆ ಮುಷ್ಟಿ ಹೊರಳಿದರೆ, ಆ ನೇರಕ್ಕೆ ಹುಕ್ಕೇರಿ.